ಹಾಲ್‌ಗೆ ತೆಳು ಕೆನೆಯೋ, ಆಫ್ ವೈಟೋ? ಕೆಂಪು ಗಾರೆ ನೆಲ, ಉತ್ತರದ ಕಿಟಕಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಒಳಗಡೆ ಪೂರ್ತಿ ಬಣ್ಣ ಮಾಡಿಸುತ್ತಿದ್ದೇವೆ. ಹಳೇದೆಲ್ಲ ಕೆರೆದು, ಪುಟ್ಟಿ ಎಳೆದು, ಪ್ರೈಮರ್ ಕೂಡ ಆಗಿದೆ. ಸೋಮವಾರ ಬಣ್ಣ ತಂದಿಡಿ ಅಂತ ಮೇಸ್ತ್ರಿ ಹೇಳಿ ಹೋಗಿದ್ದಾರೆ. ಹಾಲ್‌ನ ಬಣ್ಣ ಮಾತ್ರ ತೀರ್ಮಾನ ಆಗುತ್ತಿಲ್ಲ.

ಒಂದು ತೆಳು ಕೆನೆ, ಒಂಚೂರು ಹಳದಿ ಕಡೆ. ಇನ್ನೊಂದು ಆಫ್ ವೈಟ್, ಒಂಚೂರು ಬೂದು ಕಡೆ. ಶೇಡ್ ಕಾರ್ಡಿನಲ್ಲಿ ಅಕ್ಕಪಕ್ಕ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಿದರೆ ಯಾವುದು ಅಂತ ಮನೆಯಲ್ಲಿ ಯಾರಿಗೂ ಹೇಳೋಕಾಗುತ್ತಿಲ್ಲ. ಆದರೂ ಅಮ್ಮನಿಗೆ ಕೆನೆಯೇ ಬೇಕು, ನಮ್ಮ ಯಜಮಾನರಿಗೆ ಆಫ್ ವೈಟೇ ಬೇಕು.

ಹಾಲ್ ಹೀಗಿದೆ: ನೆಲ ಹಳೇ ಕೆಂಪು ಗಾರೆ, ಈಗಲೂ ಚೆನ್ನಾಗಿ ಹೊಳೆಯುತ್ತೆ, ಅದನ್ನು ತೆಗೆಸೋ ಮಾತೇ ಇಲ್ಲ. ದೊಡ್ಡ ಕಿಟಕಿ ಉತ್ತರಕ್ಕೆ. ಕಿಟಕಿಯಾಚೆ ಹತ್ತಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ, ಗಿಳಿ ಹಸಿರು ಬಣ್ಣದ್ದು. ಬಾಗಿಲು ಚೌಕಟ್ಟು ಸಾಗವಾನಿ, ಪಾಲಿಶ್ ಆಗಿದೆ. ರಾತ್ರಿಗೆ ಬೆಳ್ಳಗಿನ ಎಲ್‌ಇಡಿ ಟ್ಯೂಬ್. ಮುಂದಿನ ತಿಂಗಳು ತಂಗಿಯ ನಿಶ್ಚಿತಾರ್ಥ ಇದೇ ಹಾಲ್‌ನಲ್ಲಿ. ಯಾವುದೋ ಒಂದು ಬಳಿಸಿಬಿಡೋಣ ಅನ್ನೋ ಹಾಗಿಲ್ಲ. ನೋಡಿ ಹೇಳಿ.

ಹುಬ್ಬಳ್ಳಿ ಮಂದಿ:
ಮುಚ್ಚಿ ತೋರಿಸಿದರೆ ಮನೆಯವರಿಗೇ ಗೊತ್ತಾಗಲ್ಲ ಅಂದಮೇಲೆ ನಿಶ್ಚಿತಾರ್ಥಕ್ಕೆ ಬಂದವರಿಗೆ ಏನು ಗೊತ್ತಾಗುತ್ತೆ ರೀ? ಅಮ್ಮ ಹೇಳಿದ್ದು ಹಚ್ಚಿಸಿ, ಮುಂದಿನ ಕೆಲಸ ನೋಡಿ.

ಅಡಿಕೆ ಚಪ್ಪರ:
ನನ್ನ ಓಟೂ ಅಮ್ಮನಿಗೇ.

ಗೋಡೆಗಣ್ಣು:
ಹುಬ್ಬಳ್ಳಿಯವರೇ, ನಿಮ್ಮ ಮಾತು ನಾನು ಒಪ್ಪಲ್ಲ. ಒಳಾಂಗಣ ವಿನ್ಯಾಸವೇ ನನ್ನ ಕೆಲಸ. ಕಾರ್ಡಿನಲ್ಲಿ ಇರೋದು ಎರಡು ಬೆರಳಗಲದ ಬಣ್ಣ, ಸುತ್ತ ಬಿಳಿ ಕಾಗದ. ಹಾಲ್‌ನಲ್ಲಿ ನಾಲ್ಕು ಗೋಡೆ ಎದುರುಬದುರು ನಿಂತಿರುತ್ತವೆ. ಒಂದು ಗೋಡೆಯಿಂದ ಹೊರಟ ಬೆಳಕು ಇನ್ನೊಂದರ ಮೇಲೆ ಬೀಳುತ್ತೆ, ಅಲ್ಲಿಂದ ವಾಪಸ್ ಬರುತ್ತೆ. ಪ್ರತಿ ಸಲವೂ ಬಣ್ಣದೊಳಗಿನ ಛಾಯೆ ಗಟ್ಟಿಯಾಗುತ್ತಾ ಹೋಗುತ್ತೆ. ಕಾರ್ಡಿನಲ್ಲಿ ಕಂಡೂ ಕಾಣದ ಹಾಗಿದ್ದ ಹಳದಿ, ಕೋಣೆಯ ಮೂಲೆಯಲ್ಲಿ ಎದ್ದು ಕಾಣೋದು ಇದಕ್ಕೇ.

ಗಾಢ ಬಣ್ಣ ಆಯ್ಕೆ ಮಾಡೋದು ಸುಲಭ. ನೀಲಿ ಅಂದ್ರೆ ನೀಲಿಯೇ ಆಗಿರುತ್ತೆ. ತೆಳು ಬಣ್ಣಕ್ಕೆ ತನ್ನದು ಅಂತ ಇರೋದು ಸ್ವಲ್ಪವೇ, ಹಾಗಾಗಿ ಸುತ್ತ ಇರೋದೆಲ್ಲ ಅದರ ಮೇಲೆ ಬರುತ್ತೆ. ನಿಮ್ಮ ಹಾಲ್‌ನಲ್ಲಿ ಕೆಳಗೆ ಕೆಂಪು, ಪಕ್ಕದಲ್ಲಿ ಹಸಿರು. ಇದಕ್ಕಿಂತ ಕಷ್ಟದ ಜಾಗ ಬೇಕಾ!

ಸಾಗರದ ಸೊಸೆ:
ಹಸಿರಿನ ಮಾತು ನಿಜ. ನಮ್ಮ ಭಾವನ ಮನೆ ತೋಟದ ಅಂಚಿಗೇ ಇದೆ. ಕಿಟಕಿ ತೆಗೆದರೆ ಬರೀ ಅಡಿಕೆ, ಬಾಳೆ. ತಿಳಿ ಬೂದು ಬಣ್ಣ ಹೊಡೆಸಿದ್ದರು, ಪೇಟೆ ಫ್ಲ್ಯಾಟ್‌ಗಳಲ್ಲಿ ಇರುತ್ತಲ್ಲ, ಅಂಥದ್ದು. ಮಳೆಗಾಲದಲ್ಲಿ ಹಗಲು ಹೊತ್ತು ಆ ರೂಮು ಪಾಚಿ ಬಣ್ಣ ಕಾಣುತ್ತೆ. ಅದೇ ಬಣ್ಣ ಒಳಗಿನ ರೂಮಿನಲ್ಲಿ ಬೂದುವಾಗಿಯೇ ಇದೆ. ಡಬ್ಬ ಒಂದೇ, ಮೇಸ್ತ್ರಿ ಒಬ್ಬರೇ.

ಹುಬ್ಬಳ್ಳಿ ಮಂದಿ:
ಅದು ತೋಟದ ಮನೆ. ಊರೊಳಗಿನ ಮನೆಗೆ ಇದೆಲ್ಲ ಜಾಸ್ತಿ ಆಯ್ತು ಅನಿಸುತ್ತೆ. ಎಂಟು ದಿನ ಕಳೆದರೆ ಕಣ್ಣು ಹೊಂದಿಕೊಳ್ಳುತ್ತೆ.

ಗೋಡೆಗಣ್ಣು:
ಅಲ್ಲೇ ಬದುಕುವವರ ಕಣ್ಣು ಹೊಂದಿಕೊಳ್ಳುತ್ತೆ, ಒಪ್ಪಿದೆ. ನಿಶ್ಚಿತಾರ್ಥದ ಫೋಟೋ ಹೊಂದಿಕೊಳ್ಳಲ್ಲ. ಹಸಿರು ಹೊಡೆಯೋ ಗೋಡೆ ಮುಂದೆ ನಿಂತರೆ ಮುಖದ ಮೇಲೂ ಅದೇ ಬೆಳಕು.

ದಾವಣಗೆರೆ ಬಣ್ಣದಂಗಡಿ:
ನನ್ನದು ಬಣ್ಣದ ಅಂಗಡಿ, ದಿನಾ ಇದೇ ಪ್ರಶ್ನೆ. ಮೊದಲು ಒಂದು ವಿಷಯ. ಇಷ್ಟು ತೆಳು ಬಣ್ಣ ಅಂದ್ರೆ ಎರಡಕ್ಕೂ ಬಿಳಿ ಬೇಸೇ. ಅದಕ್ಕೆ ಮಷಿನ್ ಹಾಕೋ ಸ್ಟೈನರ್, ಅಂದ್ರೆ ಛಾಯೆ ಕೊಡೋ ಗಟ್ಟಿ ಬಣ್ಣ, ಮಾತ್ರ ಬೇರೆ. ಹಾಗಾಗಿ ರೇಟಿನಲ್ಲಿ ವ್ಯತ್ಯಾಸ ಏನೂ ಇರಲ್ಲ, ಆ ಲೆಕ್ಕ ಬಿಟ್ಟುಬಿಡಿ.

ನಿಮ್ಮ ಅಂಗಡಿಯವರ ಹತ್ತಿರ ಆ ಎರಡೂ ಶೇಡ್‌ಗಳ ಫಾರ್ಮುಲಾ ಕೇಳಿ. ಕಂಪ್ಯೂಟರಿನಲ್ಲಿ ಯಾವ ಸ್ಟೈನರ್ ಎಷ್ಟು ಅಂತ ಕಾಣುತ್ತೆ. ಕೆನೆಯಲ್ಲಿ ಯೆಲ್ಲೋ ಆಕ್ಸೈಡ್ ಇದ್ದೇ ಇರುತ್ತೆ. ಜೊತೆಗೆ ರೆಡ್ ಆಕ್ಸೈಡ್ ಇದೆಯಾ ನೋಡಿ. ಇದ್ದರೆ ಅದು ಬೆಚ್ಚಗಿನ ಕೆನೆ. ಆಫ್ ವೈಟ್‌ನಲ್ಲಿ ಕಪ್ಪು ಮತ್ತು ಹಳದಿ ಎರಡೇ ಇದ್ದರೆ ಹುಷಾರು. ಹಳದಿಗೆ ಕಪ್ಪು ಸೇರಿದರೆ ಹಸಿರಿನ ಕಡೆ ತಿರುಗುತ್ತೆ. ಬೇಕಿದ್ದರೆ ಮಕ್ಕಳ ವಾಟರ್ ಕಲರ್ ತಗೊಂಡು ಕಲಸಿ ನೋಡಿ.

ಕಾರ್ಡ್ ನೋಡಿ ಅರ್ಧ ಗಂಟೆ ಯೋಚನೆ ಮಾಡೋ ಗಿರಾಕಿ, ಈ ಎರಡು ಸಾಲು ಓದಿದರೆ ಐದು ನಿಮಿಷದಲ್ಲಿ ಅರ್ಥ ಮಾಡ್ಕೋತಾರೆ. ನಾನಂತೂ ಸ್ಕ್ರೀನ್ ತಿರುಗಿಸಿ ತೋರಿಸ್ತೀನಿ.

ತುಂಗಾತೀರ:
ಇದು ಗೊತ್ತೇ ಇರಲಿಲ್ಲ ಸರ್! ಸಂಜೆ ಹೋಗಿ ಕೇಳ್ತೀನಿ.

ಬ್ರಶ್ಶು ರೋಲರ್ರು:
ನಾನು ಬಣ್ಣದ ಕೆಲಸದವನು, ಮಂಡ್ಯ ಕಡೆ. ಅಕ್ಕಾ, ಸ್ಯಾಂಪಲ್ ಡಬ್ಬ ತಂದು ಗೋಡೆಗೆ ಹಚ್ಚಬೇಡಿ. ಎಲ್ಲರೂ ಅದನ್ನೇ ಮಾಡ್ತಾರೆ. ಗೋಡೆ ಮೇಲೆ ಎರಡು ಪಟ್ಟೆ ಪಕ್ಕಪಕ್ಕ ಹಚ್ಚಿದರೆ ಒಂದು ಇನ್ನೊಂದರ ಕಣ್ಣು ಕೆಡಿಸುತ್ತೆ. ಕೆನೆ ಪಕ್ಕ ಇದ್ದರೆ ಆಫ್ ವೈಟ್ ನೀಲಿ ಕಾಣುತ್ತೆ. ಆಫ್ ವೈಟ್ ಪಕ್ಕ ಇದ್ದರೆ ಕೆನೆ ಅರಿಶಿನ ಕಾಣುತ್ತೆ. ಅದೂ ಅಲ್ಲದೆ ಆ ತೇಪೆಯ ಅಂಚು ಆಮೇಲೆ ಫೈನಲ್ ಕೋಟ್‌ನಲ್ಲೂ ಉಬ್ಬಿ ಕಾಣಬಹುದು.

ದಪ್ಪ ಡ್ರಾಯಿಂಗ್ ಶೀಟ್ ಎರಡು ತಗೊಳ್ಳಿ. ಒಂದೊಂದಕ್ಕೂ ಒಂದೊಂದು ಬಣ್ಣ, ರೋಲರ್‌ನಲ್ಲೇ, ಎರಡು ಕೋಟ್. ಒಂದು ಕೋಟ್ ಹಚ್ಚಿ ನೋಡಿದರೆ ಅದು ಲೆಕ್ಕಕ್ಕೆ ಬರಲ್ಲ. ಒದ್ದೆ ಇದ್ದಾಗ ತೆಳ್ಳಗೆ ಕಾಣುತ್ತೆ, ಒಣಗಿದ ಮೇಲೆ ಒಂಚೂರು ಗಾಢ ಆಗುತ್ತೆ. ರಾತ್ರಿ ಪೂರ್ತಿ ಒಣಗಲಿ. ಆಮೇಲೆ ಒಂದೊಂದೇ ಶೀಟನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ, ಇನ್ನೊಂದನ್ನು ಬೇರೆ ರೂಮಿನಲ್ಲಿಡಿ. ನೆಲದ ಹತ್ತಿರ ಒಮ್ಮೆ, ಕಿಟಕಿ ಪಕ್ಕ ಒಮ್ಮೆ, ಕಿಟಕಿ ಎದುರಿನ ಗೋಡೆಗೆ ಒಮ್ಮೆ, ಬಾಗಿಲ ಚೌಕಟ್ಟಿಗೆ ತಾಗಿಸಿ ಒಮ್ಮೆ. ಬೆಳಗ್ಗೆ, ಮಧ್ಯಾಹ್ನ, ಲೈಟ್ ಹಾಕಿದ ಮೇಲೆ. ಅಷ್ಟು ಮಾಡಿದರೆ ಯಾರನ್ನೂ ಕೇಳಬೇಕಾಗಿಲ್ಲ.

ಅಡಿಕೆ ಚಪ್ಪರ:
ಇದು ಕೆಲಸದ ಮಾತು.

ಮೈಸೂರು ಮೇಷ್ಟ್ರು:
ಉತ್ತರದ ಕಿಟಕಿ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಇಂಗ್ಲಿಷ್ ಪತ್ರಿಕೆಗಳಲ್ಲಿ ಉತ್ತರದ ಕೋಣೆಗೆ ಬಿಸಿಲೇ ಬೀಳಲ್ಲ, ಬೆಳಕು ಸದಾ ನೀಲಿ ಕಡೆ ಇರುತ್ತೆ, ಹಾಗಾಗಿ ಬೆಚ್ಚಗಿನ ಬಣ್ಣ ಹಚ್ಚಿ ಅಂತ ಬರೆದಿರುತ್ತಾರೆ. ಲಂಡನ್‌ಗೆ ಅದು ಬಹುಮಟ್ಟಿಗೆ ಸರಿ. ಶಿವಮೊಗ್ಗಕ್ಕೆ ಪೂರ್ತಿ ಸರಿಯಲ್ಲ. ಶಿವಮೊಗ್ಗ ಇರೋದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಹುಟ್ಟೋದೂ ಮುಳುಗೋದೂ ಪೂರ್ವ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ. ಅಂದ್ರೆ ನಿಮ್ಮ ಉತ್ತರದ ಕಿಟಕಿಗೆ ಮೇ ತಿಂಗಳಲ್ಲಿ ಬೆಳಗ್ಗೆ ಸಂಜೆ ಓರೆ ಬಿಸಿಲು ಬರಬಹುದು. ಜೂನ್‌ನಿಂದ ಮೋಡ, ಮಳೆ, ಬೂದು ಬೆಳಕು. ಡಿಸೆಂಬರ್‌ನಲ್ಲಿ ಬರೀ ಆಕಾಶದ ನೀಲಿ ಬೆಳಕು.

ಸಜ್ಜಾ ಎಷ್ಟು ಮುಂದೆ ಬಂದಿದೆ, ಪಕ್ಕದ ಮನೆ ಎಷ್ಟು ಎತ್ತರ, ಇವೆರಡರ ಮೇಲೆ ಉಳಿದದ್ದು. ಹತ್ತಡಿ ದೂರದಲ್ಲಿ ಎತ್ತರದ ಹಸಿರು ಗೋಡೆ ಇದ್ದರೆ ನಿಮ್ಮ ಕಿಟಕಿಗೆ ಆಕಾಶಕ್ಕಿಂತ ಆ ಗೋಡೆಯ ಬೆಳಕೇ ಜಾಸ್ತಿ ಬರುತ್ತೆ.

ಡಲ್ಲಾಸ್ ಕನ್ನಡಿಗ:
ಇಲ್ಲಿ ಪ್ರತಿ ಶೇಡ್ ಪಕ್ಕ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕಳಿಸುತ್ತೆ ಅನ್ನೋದರ ಅಳತೆ, 0 ಅಂದ್ರೆ ಕಪ್ಪು, 100 ಅಂದ್ರೆ ಪೂರ್ತಿ ಬಿಳಿ. ಶೆರ್ವಿನ್ ವಿಲಿಯಮ್ಸ್‌ನ ಅಲಬಾಸ್ಟರ್ ಅನ್ನೋ ತೆಳು ಬಣ್ಣ ಇಲ್ಲಿ ಬೇಕಾದಷ್ಟು ಮನೆಗಳಲ್ಲಿದೆ, ಅದರ ಎಲ್‌ಆರ್‌ವಿ 82. ನಿಮ್ಮ ಎರಡು ಬಣ್ಣಗಳ ಅಂಕಿ ಸಿಕ್ಕರೆ ಹೋಲಿಸಿ. ಜಾಸ್ತಿ ಇರೋದನ್ನು ತಗೊಳ್ಳಿ, ಮುಗೀತು.

ಗೋಡೆಗಣ್ಣು:
ಎಲ್‌ಆರ್‌ವಿ ಹೇಳೋದು ಎಷ್ಟು ಬೆಳಕು ಅಂತ ಮಾತ್ರ. ಯಾವ ಬಣ್ಣದ ಬೆಳಕು ಅಂತ ಅದು ಹೇಳಲ್ಲ. ಒಂದು ಗುಲಾಬಿ ಛಾಯೆಯ ಬಿಳಿಗೂ ಒಂದು ಹಸಿರು ಛಾಯೆಯ ಬಿಳಿಗೂ ಒಂದೇ ಅಂಕಿ ಇರಬಹುದು. ಇವರ ಪ್ರಶ್ನೆ ಛಾಯೆಯದು, ಬೆಳಕಿನ ಪ್ರಮಾಣದ್ದಲ್ಲ.

ಡಲ್ಲಾಸ್ ಕನ್ನಡಿಗ:
ಸರಿ, ಆದರೂ ಕತ್ತಲೆ ಹಾಲ್ ಆಗಿದ್ದರೆ ಅದೂ ಮುಖ್ಯವೇ. ಉತ್ತರಕ್ಕೊಂದೇ ಕಿಟಕಿ ಅಂತಿದ್ದಾರೆ.

ಸುಣ್ಣದ ಕಾಲ:
ನೀವೆಲ್ಲ ಸ್ಟೈನರ್ ಅಂತೀರಿ. ನಮ್ಮ ಚಿಕ್ಕಂದಿನಲ್ಲಿ ದೀಪಾವಳಿಗೆ ಮುಂಚೆ ಸುಣ್ಣ ಬಳಿಯೋದಿತ್ತು. ಸುಣ್ಣದ ಕಲ್ಲು ನೀರಿಗೆ ಹಾಕಿದರೆ ಹಂಡೆಯಲ್ಲಿ ಕೊತಕೊತ ಕುದಿಯೋದು, ಮಕ್ಕಳನ್ನು ಹತ್ತಿರ ಬಿಡ್ತಿರಲಿಲ್ಲ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಹಾಕೋ ನೀಲಿಯನ್ನೇ ಒಂದು ಚಿಟಿಕೆ ಸೇರಿಸೋರು. ಸುಣ್ಣದ ಹಳದಿ ಹೋಗಿ ಗೋಡೆ ಬೆಳ್ಳಗೆ ಕಾಣಲಿ ಅಂತ. ನೀಲಿ ಜಾಸ್ತಿ ಬಿದ್ದರೆ ಗೋಡೆಯೇ ಆಕಾಶ ಬಣ್ಣ. ನಮ್ಮ ಅಜ್ಜಿ ಕೈಹಿಂಬದಿಗೆ ಒಂಚೂರು ಹಚ್ಚಿ, ಒಣಗಿಸಿ, ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಹಿಡಿದು ನೋಡೋರು. ಅವರು ಸರಿ ಅನ್ನೋ ತನಕ ಬಳಿಯೋರು ಪೊರಕೆ ಅದ್ದೋ ಹಾಗಿರಲಿಲ್ಲ.

ಕರಾವಳಿ ಕೂಸು:
ನಮ್ಮಲ್ಲಿ ಚಿಪ್ಪಿನ ಸುಣ್ಣ. ಹೊಳೆಯಲ್ಲಿ ಸಿಗೋ ಚಿಪ್ಪು ಸುಟ್ಟು ಮಾಡೋದು. ಆ ಬಿಳಿಯೇ ಬೇರೆ.

ಅಂದಹಾಗೆ ತುಂಗಾತೀರ ಅವರೇ, ಹಳೇ ಗೋಡೆಯಲ್ಲಿ ಸುಣ್ಣ ಇತ್ತಾ? ಅದನ್ನು ಪೂರ್ತಿ ಕೆರೆಯದೆ ಮೇಲೆ ಎಮಲ್ಶನ್ ಹೊಡೆದರೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಯಾವ ಬಣ್ಣ ಅನ್ನೋದು ಆಮೇಲಿನ ಮಾತು.

ತುಂಗಾತೀರ:
ಕೆಳಗಡೆ ಸುಣ್ಣ ಇತ್ತು. ಮೇಸ್ತ್ರಿ ನೀರು ಹೊಡೆದು ಪೂರ್ತಿ ಕೆರೆಸಿದರು, ಒಂದು ವಾರ ಅದೇ ಕೆಲಸ.

ಮೈಸೂರು ಮೇಷ್ಟ್ರು:
ಬಣ್ಣದ ಮಾತು ಬಂದಿದ್ದಕ್ಕೆ ಒಂದು ಸಣ್ಣ ವಿಷಯಾಂತರ. ನಮ್ಮ ಮೈಸೂರಿನಲ್ಲೇ ಸರ್ಕಾರಿ ಬಣ್ಣದ ಕಾರ್ಖಾನೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ಸ್ ಅಂತ ಶುರುವಾಯಿತು. ಕಾಡಿನ ಅರಗಿನಿಂದ ಬಣ್ಣ, ವಾರ್ನಿಶ್ ಮಾಡೋದಕ್ಕೆ. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. ಓಟು ಹಾಕಿದಾಗ ಬೆರಳಿಗೆ ಹಚ್ಚೋ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರೋದು, 1962ರ ಚುನಾವಣೆಯಿಂದ.

ಹುಬ್ಬಳ್ಳಿ ಮಂದಿ:
ಶಾಯಿ ಗೊತ್ತಿತ್ತು. ಮೊದಲು ಅರಗಿನ ಕಾರ್ಖಾನೆ ಅನ್ನೋದು ಗೊತ್ತಿರಲಿಲ್ಲ. ಒಳ್ಳೆ ಮಾಹಿತಿ ಮೇಷ್ಟ್ರೇ.

ತುಂಗಾತೀರ:
ಅಂಗಡಿಗೆ ಹೋಗಿ ಬಂದೆ. ದಾವಣಗೆರೆಯವರು ಹೇಳಿದ ಹಾಗೇ ಇದೆ! ಕೆನೆಯಲ್ಲಿ ಯೆಲ್ಲೋ ಆಕ್ಸೈಡ್, ಜೊತೆಗೆ ಚೂರೇ ಚೂರು ರೆಡ್ ಆಕ್ಸೈಡ್. ಆಫ್ ವೈಟ್‌ನಲ್ಲಿ ಕಪ್ಪು ಮತ್ತು ಯೆಲ್ಲೋ ಆಕ್ಸೈಡ್, ಕೆಂಪು ಇಲ್ಲ. ಎರಡರ ಸ್ಯಾಂಪಲ್ ತಂದಿದ್ದೇನೆ. ಶೀಟ್‌ಗೆ ಮೊದಲ ಕೋಟ್ ಆಗಿದೆ.

ಯಜಮಾನರದು ಇನ್ನೊಂದು ಪ್ರಶ್ನೆ. ಈ ಶೇಡ್‌ಗಳು ದುಬಾರಿ ಕಂಪನಿಯವು. ಅದೇ ಶೇಡ್ ಇನ್ನೊಂದು ಕಂಪನಿಯ ಕಡಿಮೆ ರೇಟಿನ ಎಮಲ್ಶನ್‌ನಲ್ಲಿ ಮಾಡಿಸಬಹುದಾ? ಅಂಗಡಿಯವರು ಮಷಿನ್‌ನಲ್ಲಿ ಮ್ಯಾಚ್ ಮಾಡಿ ಕೊಡ್ತೀವಿ ಅಂತಾರೆ.

ಬಣ್ಣದ ಲ್ಯಾಬು:
ನಾನು ಬಣ್ಣದ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ. ಮಾಡಿಸಬಹುದು, ಆದರೆ ಒಂದು ತೊಂದರೆ ಇದೆ. ಬೇರೆ ಕಂಪನಿಯ ಬೇಸ್ ಬೇರೆ, ಸ್ಟೈನರ್ ಬೇರೆ. ಅಂಗಡಿಯ ಬೆಳಕಿನಲ್ಲಿ ಎರಡೂ ಒಂದೇ ಕಾಣಬಹುದು. ಅದೇ ಬಣ್ಣ ನಿಮ್ಮ ಮನೆಯ ಎಲ್‌ಇಡಿ ಕೆಳಗೆ ಬೇರೆ ಬೇರೆ ಆಗಿ ಕಾಣಬಹುದು. ಬೇರೆ ಬೇರೆ ಪಿಗ್ಮೆಂಟ್ ಸೇರಿಸಿ ಒಂದೇ ಬಣ್ಣ ತಂದಾಗ ಹೀಗಾಗುತ್ತೆ, ಮೆಟಾಮೆರಿಸಂ ಅಂತಾರೆ. ಅದಕ್ಕೇ ಲ್ಯಾಬ್‌ನಲ್ಲಿ ನಾವು ಒಂದೇ ತುಂಡನ್ನು ಪೆಟ್ಟಿಗೆಯೊಳಗಿಟ್ಟು ಹಗಲು ಬೆಳಕು, ಅಂಗಡಿ ಟ್ಯೂಬು, ಹಳದಿ ಬಲ್ಬು ಮೂರರಲ್ಲೂ ನೋಡ್ತೀವಿ.

ಮಾಡಿಸಲೇಬೇಕು ಅಂದ್ರೆ ಮ್ಯಾಚ್ ಮಾಡಿದ ಡಬ್ಬದಿಂದಲೇ ಹೊಸ ಶೀಟ್ ಮಾಡಿಕೊಂಡು ಮನೆಯಲ್ಲಿ ನೋಡಿ. ಅರ್ಧ ಮನೆಗೆ ಒಂದು ಕಂಪನಿ, ಉಳಿದರ್ಧಕ್ಕೆ ಇನ್ನೊಂದು, ಇದನ್ನು ಮಾತ್ರ ಮಾಡಬೇಡಿ.

ದಾವಣಗೆರೆ ಬಣ್ಣದಂಗಡಿ:
ಲ್ಯಾಬ್‌ನವರು ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೀನಿ. ತೆಳು ಬಣ್ಣಕ್ಕೆ ಒಂದು ಲೀಟರಿನಲ್ಲಿ ಬೀಳೋ ಕಪ್ಪು ಹನಿಯ ಲೆಕ್ಕ. ಆ ಹನಿ ಒಂಚೂರು ಹೆಚ್ಚುಕಮ್ಮಿ ಆದರೂ ಕಣ್ಣಿಗೆ ಕಾಣುತ್ತೆ. ಅದಕ್ಕೆ ಸಣ್ಣ ಸಣ್ಣ ಡಬ್ಬ ನಾಲ್ಕು ಸಲ ಮಾಡಿಸೋ ಬದಲು ದೊಡ್ಡ ಬಕೆಟ್ ಒಂದೇ ಸಲ ಮಾಡಿಸಿ.

ಬ್ರಶ್ಶು ರೋಲರ್ರು:
ಎರಡು ಡಬ್ಬ ಆಗಲೇಬೇಕು ಅಂದ್ರೆ ಎರಡನ್ನೂ ದೊಡ್ಡ ಡ್ರಮ್‌ಗೆ ಸುರಿದು ಕಲಸಿ ಆಮೇಲೆ ಹೊಡೀಬೇಕು. ಅದೂ ಆಗಲ್ಲ ಅಂದ್ರೆ ಒಂದು ಗೋಡೆಯ ಮಧ್ಯದಲ್ಲಿ ಡಬ್ಬ ಬದಲಿಸಬಾರದು, ಮೂಲೆಗೆ ಬಂದು ಬದಲಿಸಬೇಕು. ಫಿನಿಶ್ ಏನು ತಗೊಳ್ತಿದ್ದೀರಿ? ಹೊಳಪಿಲ್ಲದ ಮ್ಯಾಟಾ, ಹೊಳಪಿನ ಶೀನ್ ಇರೋದಾ?

ತುಂಗಾತೀರ:
ಶೀನ್ ಇರೋದು. ತೊಳೆಯೋಕೆ ಸುಲಭ ಅಂದರು.

ಬ್ರಶ್ಶು ರೋಲರ್ರು:
ಹಳೇ ಮನೆ ಗೋಡೆ, ಎಷ್ಟು ಪುಟ್ಟಿ ಎಳೆದರೂ ಅಲೆ ಇದ್ದೇ ಇರುತ್ತೆ. ಶೀನ್ ಹೊಡೆದರೆ ಕಿಟಕಿ ಬೆಳಕು ಅಡ್ಡ ಬಿದ್ದಾಗ ಅಲೆಯೆಲ್ಲ ಎದ್ದು ಕಾಣುತ್ತೆ. ಶೀನ್ ಜಾಸ್ತಿ ಇದ್ದಷ್ಟೂ ನೆಲದ ಕೆಂಪು, ಹೊರಗಿನ ಹಸಿರು ಗೋಡೆ ಮೇಲೆ ಹೊಳೆದು ಕಾಣುತ್ತೆ. ಆಮೇಲೆ ಕಲೆಗೆ ಟಚಪ್ ಮಾಡಿದರೂ ತೇಪೆ ಗೊತ್ತಾಗುತ್ತೆ. ಹಾಲ್‌ಗೆ ತೊಳೆಯಬಹುದಾದ ಮ್ಯಾಟ್ ಸಿಗುತ್ತೆ, ಅದನ್ನು ಕೇಳಿ. ಅಡುಗೆಮನೆಗೆ ಬೇಕಿದ್ದರೆ ಶೀನ್ ಇಟ್ಕೊಳ್ಳಿ.

ಸಾಗರದ ಸೊಸೆ:
ಅಡುಗೆಮನೆಗೆ ಶೀನ್ ಸರಿ. ಒಗ್ಗರಣೆ ಹೊಗೆ, ಎಣ್ಣೆ ಜಿಡ್ಡಿಗೆ ಮ್ಯಾಟ್ ಗೋಡೆ ತಡೆಯಲ್ಲ. ದೇವರ ಮನೆಗೂ ಅಷ್ಟೆ, ದೀಪದ ಮಸಿ ಉಜ್ಜಿ ಉಜ್ಜಿ ತೆಗೀಬೇಕು.

ಹುಬ್ಬಳ್ಳಿ ಮಂದಿ:
ನನ್ನದೊಂದು ಪ್ರಶ್ನೆ. ನೆಲ ಕೆಂಪು ಅಂದಮೇಲೆ ಗೋಡೆಗೂ ಕೆಂಪು ಬೆಳಕು ಬೀಳುತ್ತಲ್ಲ? ಹಾಗಾದ್ರೆ ಹಸಿರು ಛಾಯೆಯ ಆಫ್ ವೈಟೇ ಒಳ್ಳೇದು, ಎರಡೂ ಸೇರಿ ಸರಿಹೋಗುತ್ತೆ. ಕೆನೆಗೆ ಕೆಂಪು ಸೇರಿದರೆ ಗುಲಾಬಿ ಆಗಲ್ವಾ?

ಗೋಡೆಗಣ್ಣು:
ಒಳ್ಳೆ ಪ್ರಶ್ನೆ. ನೆಲಕ್ಕೆ ಬಿಸಿಲು ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಏರುತ್ತೆ, ನಿಜ. ಆದರೆ ಅದು ಮೊಣಕಾಲೆತ್ತರದ ತನಕ. ಮೇಲಿನ ಭಾಗಕ್ಕೆ ಅಷ್ಟು ಬರಲ್ಲ. ಅಲ್ಲಿ ನಡೆಯೋದು ಇನ್ನೊಂದು. ಕಣ್ಣು ಕೆಂಪು ನೆಲ ನೋಡಿ ಮೇಲಕ್ಕೆ ಎತ್ತಿದಾಗ, ಪಕ್ಕದಲ್ಲಿರೋ ಬೂದು ಬಣ್ಣ ಇದ್ದದ್ದಕ್ಕಿಂತ ಹಸಿರಾಗಿ ಕಾಣುತ್ತೆ. ಕೆಂಪಿಗೆ ಎದುರು ಬಣ್ಣ ಹಸಿರು. ಹಾಗಾಗಿ ಒಂದೇ ಗೋಡೆ ಕೆಳಗೆ ಗುಲಾಬಿ, ಮೇಲೆ ಹಸಿರು ಆಗಬಹುದು.

ಮೈಸೂರು ಮೇಷ್ಟ್ರು:
ಹೌದು, ಎರಡೂ ನಿಜ. ಒಂದು ಗೋಡೆ ಮೇಲೆ ಬೀಳೋ ಬೆಳಕಿನಿಂದ ಆಗೋದು, ಇನ್ನೊಂದು ಕಣ್ಣಿನಿಂದ ಆಗೋದು. ಕ್ಯಾಮೆರಾ ಮೊದಲನೆಯದನ್ನು ಹಿಡಿಯುತ್ತೆ, ಎರಡನೆಯದನ್ನು ಹಿಡಿಯಲ್ಲ.

ಅಡಿಕೆ ಚಪ್ಪರ:
ಶೀಟ್ ಫೋಟೋ ಹಾಕಿ, ನಾವೂ ನೋಡ್ತೀವಿ.

ಗೋಡೆಗಣ್ಣು:
ಬೇಡ, ಫೋಟೋ ನೋಡಿ ಯಾರೂ ತೀರ್ಪು ಕೊಡಬಾರದು. ಮೊಬೈಲ್ ಕ್ಯಾಮೆರಾ ಬಿಳಿಯನ್ನು ತಾನೇ ಊಹಿಸಿ ಸರಿ ಮಾಡುತ್ತೆ. ಕೆಂಪು ನೆಲ ಫ್ರೇಮಿನಲ್ಲಿ ಬಂದರೆ ಗೋಡೆ ಒಂದು ಥರ, ಬರದಿದ್ದರೆ ಇನ್ನೊಂದು ಥರ. ನೋಡೋ ನಮ್ಮ ಸ್ಕ್ರೀನೂ ಬೇರೆ ಬೇರೆ. ಮನೆಯ ಫೋಟೋಗೆ ಬಣ್ಣ ತುಂಬಿ ತೋರಿಸೋ ಆ್ಯಪ್‌ಗಳೂ ಅಷ್ಟೆ. ಹಸಿರೋ ನೀಲಿಯೋ ಅಂತ ತೀರ್ಮಾನಿಸೋಕೆ ಸರಿ, ಎರಡು ಬಿಳಿಗಳ ಮಧ್ಯೆ ಅವು ಉಪಯೋಗಕ್ಕೆ ಬರಲ್ಲ.

ಕರಾವಳಿ ಕೂಸು:
ಲೈಟ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅವರ ಮನೆಯಲ್ಲಿ ಬೆಳ್ಳಗಿನ ಟ್ಯೂಬ್. ಹೆಚ್ಚಾಗಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ ಕಡೆ) ಇರುತ್ತೆ, ಡಬ್ಬದ ಮೇಲೆ ಕೂಲ್ ಡೇ ಲೈಟ್ ಅಂತ ಬರೆದಿರುತ್ತೆ. ಅದು ನೀಲಿ ಕಡೆಯ ಬೆಳಕು. ಅದರ ಕೆಳಗೆ ಬೂದು ಛಾಯೆಯ ಗೋಡೆ ರಾತ್ರಿ ಆಸ್ಪತ್ರೆ ವಾರ್ಡ್ ಆಗಿಬಿಡುತ್ತೆ. 3000 ಕೆಲ್ವಿನ್‌ನ ವಾರ್ಮ್ ಬಲ್ಬ್ ಹಾಕಿದರೆ ಅದೇ ಗೋಡೆ ಚೆಂದ. ಬಣ್ಣ ಬದಲಿಸೋದಕ್ಕಿಂತ ಬಲ್ಬ್ ಬದಲಿಸೋದು ಅಗ್ಗ ಅಲ್ವಾ?

ಹುಬ್ಬಳ್ಳಿ ಮಂದಿ:
ನಮ್ಮ ಮನೆಯಲ್ಲಿ ಹಳದಿ ಲೈಟ್ ಹಾಕಿದರೆ ಕರೆಂಟ್ ಡಿಮ್ ಆಯ್ತು ಅಂತಾರೆ ಅಪ್ಪ. ಹಿರಿಯರಿಗೆ ಓದೋಕೆ ಬೆಳ್ಳಗಿನ ಬೆಳಕೇ ಬೇಕು.

ಕರಾವಳಿ ಕೂಸು:
ಮಧ್ಯದ್ದು 4000 ಕೆಲ್ವಿನ್ ಸಿಗುತ್ತೆ, ನ್ಯೂಟ್ರಲ್ ವೈಟ್ ಅಂತ ಕೇಳಿ. ಹಳದಿಯೂ ಅಲ್ಲ, ನೀಲಿಯೂ ಅಲ್ಲ, ಓದೋಕೂ ಆಗುತ್ತೆ.

ಬಣ್ಣದ ಲ್ಯಾಬು:
ಬಲ್ಬ್ ತಗೊಳ್ಳುವಾಗ ಸಿಆರ್‌ಐ ಅಂಕಿಯನ್ನೂ ನೋಡಿ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನೋದರ ಅಳತೆ ಅದು, 100 ಅಂದ್ರೆ ಪೂರ್ತಿ. 80ಕ್ಕಿಂತ ಕಡಿಮೆ ಇದ್ದರೆ ಬಣ್ಣಗಳು ಸತ್ತಂತೆ ಕಾಣುತ್ತವೆ. 90 ಸಿಕ್ಕರೆ ರೇಷ್ಮೆ ಸೀರೆಯ ಬಣ್ಣವೂ ಚೆನ್ನಾಗಿ ಕಾಣುತ್ತೆ, ನಿಶ್ಚಿತಾರ್ಥ ಅಂತೀರಲ್ಲ.

ಸುಣ್ಣದ ಕಾಲ:
ಹಳೇ ಮನೆ ಅಂದ್ರಿ, ಬಾಗಿಲು ಕಿಟಕಿಯ ಹಳೇ ಎಣ್ಣೆ ಬಣ್ಣ ಕೆರೆದಿದ್ದೀರಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಪುಡಿಯ ಬಗ್ಗೆ ಜಾಗ್ರತೆ ಮಾಡಿ.

ಬಣ್ಣದ ಲ್ಯಾಬು:
ಇದು ಮುಖ್ಯ, ಬಣ್ಣದ ಆಯ್ಕೆಗಿಂತಲೂ ಮುಖ್ಯ. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರೋ ಸಾಧ್ಯತೆ ಇದೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನದ್ದನ್ನು ಒಣ ಉಜ್ಜಬಾರದು. ನೀರು ಹಾಕಿ ಉಜ್ಜಿಸಿ, ಕೆಲಸದವರಿಗೆ ಒಳ್ಳೆ ಮಾಸ್ಕ್ ಕೊಡಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು, ಬಸುರಿಯರು ಆ ಹೊತ್ತು ಮನೆಯಲ್ಲಿ ಇರಬಾರದು.

ತುಂಗಾತೀರ:
ಬಾಗಿಲು ಮೊದಲಿಂದ ಪಾಲಿಶ್ ಮಾತ್ರ. ಹಿತ್ತಲ ಕಿಟಕಿಗೆ ಎಣ್ಣೆ ಬಣ್ಣ ಇದೆ, ಅದಿನ್ನೂ ಉಜ್ಜಿಲ್ಲ. ಮೇಸ್ತ್ರಿಗೆ ಹೇಳ್ತೀನಿ. ಮಗನನ್ನು ಅತ್ತೆ ಮನೆಗೆ ಕಳಿಸಿ ಮಾಡಿಸ್ತೀವಿ.

ತುಂಗಾತೀರ:
ಶೀಟ್ ನೋಡಿದ್ದಾಯಿತು. ಕಂಡದ್ದು ಕಂಡ ಹಾಗೆ ಬರೀತೀನಿ.

ಕಿಟಕಿ ಎದುರಿನ ಗೋಡೆ, ಬೆಳಗ್ಗೆ: ಆಫ್ ವೈಟ್ ಚೆನ್ನಾಗಿಯೇ ಇತ್ತು. ಯಜಮಾನರಿಗೆ ಖುಷಿ. ಹತ್ತು ಗಂಟೆ ಮೇಲೆ ಪಕ್ಕದ ಮನೆ ಗೋಡೆಗೆ ಬಿಸಿಲು ಬಿತ್ತು. ನೋಡ್ತಾ ನೋಡ್ತಾ ಶೀಟಿನ ಬಣ್ಣ ತಿರುಗಿತು. ಬಿಳಿ ಕಾಗದ ಪಕ್ಕ ಹಿಡಿದೆ, ಕಾಗದವೂ ಒಂಚೂರು ಹಸಿರೇ, ಶೀಟ್ ಅದಕ್ಕಿಂತ ಹಸಿರು. ಬೇಯಿಸಿದ ಹೆಸರು ಬೇಳೆ ನೀರಿನ ಬಣ್ಣ ಅಂದರು ಅಮ್ಮ. ಅದೇ ಜಾಗಕ್ಕೆ ಕೆನೆ ಶೀಟ್ ಅಂಟಿಸಿದಾಗ ಹಸಿರು ಗೊತ್ತಾಗಲಿಲ್ಲ, ಹಳದಿಯೂ ಕಡಿಮೆ ಕಂಡಿತು, ಬರೀ ಬಿಳಿ ಅನ್ನಿಸಿತು.

ನೆಲದ ಹತ್ತಿರ: ಎರಡೂ ಕೆಳಗಡೆ ಗುಲಾಬಿ. ಕೆನೆಯಲ್ಲಿ ಆ ಗುಲಾಬಿ ಬೆರೆತು ಹೋಗುತ್ತೆ. ಆಫ್ ವೈಟ್‌ನಲ್ಲಿ ಯಾರೋ ಅಲ್ಲಿ ತನಕ ಬೇರೆ ಬಣ್ಣ ಹಚ್ಚಿದ್ದಾರೆ ಅನ್ನೋ ಥರ.

ರಾತ್ರಿ ಟ್ಯೂಬ್ ಕೆಳಗೆ: ಎರಡೂ ಚೆನ್ನಾಗಿಲ್ಲ! ಕೆನೆ ಪೇಲವ, ಆಫ್ ವೈಟ್ ನೀಲಿ. ಪಕ್ಕದ ಅಂಗಡಿಯಿಂದ 4000ದ ಟ್ಯೂಬ್ ತಂದು ಹಾಕಿದ ಮೇಲೆ ಕೆನೆಗೆ ಜೀವ ಬಂತು.

ಒಳಗಿನ ರೂಮು ದಕ್ಷಿಣಕ್ಕೆ, ಅಲ್ಲಿ ನೆಲ ಟೈಲ್ಸ್, ಹೊರಗೆ ಬಯಲು. ಅಲ್ಲಿ ಆಫ್ ವೈಟ್ ಬಹಳ ಚೆನ್ನಾಗಿ ಕಾಣ್ತಿದೆ, ಕೆನೆ ಮಧ್ಯಾಹ್ನ ತುಂಬಾ ಹಳದಿ. ಹಾಗಾಗಿ ಹಾಲ್‌ಗೆ ಕೆನೆ, ಆ ರೂಮಿಗೆ ಆಫ್ ವೈಟ್. ಯಜಮಾನರು ಒಪ್ಪಿದರು. ಬೇರೆ ಕಂಪನಿಯಲ್ಲಿ ಮ್ಯಾಚ್ ಮಾಡಿಸೋ ಯೋಚನೆ ಬಿಟ್ಟೆವು, ಹಾಲ್‌ಗೆ ಮ್ಯಾಟ್ ಹೇಳಿದ್ದೇವೆ.

ಅಡಿಕೆ ಚಪ್ಪರ:
ಅಮ್ಮ ಗೆದ್ದರು!

ಹುಬ್ಬಳ್ಳಿ ಮಂದಿ:
ನಾನು ಮೊದಲೇ ಅಮ್ಮ ಹೇಳಿದ್ದು ಹಚ್ಚಿಸಿ ಅಂದಿದ್ದೆ ನೋಡ್ರಿ.

ಗೋಡೆಗಣ್ಣು:
ಹೇಳಿದ್ದಿರಿ, ಆದರೆ ಕಾರಣ ಬೇರೆ ಇತ್ತು. ತುಂಗಾತೀರ ಅವರೇ, ಸೀಲಿಂಗ್ ಏನು ಮಾಡ್ತೀರಿ? ಅಚ್ಚ ಬಿಳಿ ಹೊಡೆಸಿದರೆ ಅದರ ಪಕ್ಕ ಕೆನೆ ಮತ್ತೆ ಹಳದಿ ಕಾಣುತ್ತೆ. ಎರಡೂ ಸೇರೋ ಅಂಚಿನಲ್ಲಿ ಬಹಳ ಎದ್ದು ಕಾಣುತ್ತೆ.

ಬ್ರಶ್ಶು ರೋಲರ್ರು:
ಹಾಲ್ ಸೀಲಿಂಗ್ ಬಿಳಿಯೇ ಇರಲಿ ಅಕ್ಕಾ, ಇಲ್ಲಾಂದ್ರೆ ಕತ್ತಲೆ ಆಗುತ್ತೆ. ಒಂದೇ ಕಿಟಕಿ ಅಲ್ವಾ.

ಗೋಡೆಗಣ್ಣು:
ಬಿಳಿಯೇ ಇರಲಿ, ಆದರೆ ಅಚ್ಚ ಬಿಳಿ ಬೇಡ. ಇದೇ ಕೆನೆಯ ಫಾರ್ಮುಲಾವನ್ನು ಅರ್ಧ ಸ್ಟೈನರ್ ಹಾಕಿ ಮಾಡಿಸಬಹುದು. ಕತ್ತಲೆಯೂ ಆಗಲ್ಲ, ಅಂಚೂ ಹೊಡೆದು ಕಾಣಲ್ಲ.

ದಾವಣಗೆರೆ ಬಣ್ಣದಂಗಡಿ:
ಅರ್ಧ ಸ್ಟೈನರ್ ಮಾಡಿ ಕೊಡ್ತಾರೆ, ಕೇಳಿ. ಆದರೆ ಅದಕ್ಕೆ ಶೇಡ್ ನಂಬರ್ ಇರಲ್ಲ. ಮುಚ್ಚಳದ ಮೇಲೆ ಅರ್ಧ ಅಂತ ದಪ್ಪ ಅಕ್ಷರದಲ್ಲಿ ಬರೆಸಿ, ಸ್ಟಿಕ್ಕರ್ ಫೋಟೋ ತೆಗೆದಿಟ್ಕೊಳ್ಳಿ. ಎರಡು ವರ್ಷ ಬಿಟ್ಟು ತೇಪೆ ಹಾಕಬೇಕಾದಾಗ ಅದೇ ದಾರಿ. ಗೋಡೆ ಬಣ್ಣದಲ್ಲೂ ಒಂದು ಲೀಟರ್ ಉಳಿಸಿ, ಗಾಳಿ ಆಡದ ಹಾಗೆ ಮುಚ್ಚಿಡಿ.

ತುಂಗಾತೀರ:
ಸೀಲಿಂಗ್‌ಗೆ ಅರ್ಧ ಸ್ಟೈನರ್‌ದೇ ಹೇಳಿದೆ, ನಾಳೆ ಬೆಳಗ್ಗೆ ಬಕೆಟ್ ಬರುತ್ತೆ. ನೆಲಕ್ಕೆ ಗೋಣಿಚೀಲ ಹಾಸಿ ಕೆಲಸ ಮಾಡ್ತೀವಿ ಅಂತಿದ್ದಾರೆ, ಗೋಣಿಯಿಂದ ಬಣ್ಣ ಇಳಿಯಲ್ವಾ? ಗಾರೆ ನೆಲದ ಮೇಲೆ ಎಮಲ್ಶನ್ ಬಿದ್ದರೆ ಹೋಗುತ್ತಾ?

ಬ್ರಶ್ಶು ರೋಲರ್ರು:
ಇಳಿಯುತ್ತೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಗೋಣಿ. ಹನಿ ಬಿದ್ದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ, ಒಣಗಿದ ಮೇಲೆ ಬ್ಲೇಡ್ ಹಿಡಿದು ಕೆರೆದರೆ ಗಾರೆಯ ಹೊಳಪೇ ಹೋಗುತ್ತೆ, ಅದಕ್ಕೆ ಬಿಡಬೇಡಿ.